ಮೊದಲು ಏಳುವವರು ಯಾರು

ಮೂರು ಕಂಪ್ಯೂಟರುಗಳ ಪರದೆಯ ಮೇಲೂ ಒಂದೇ ಸಾಲು ನಿಂತಿತ್ತು: 'ಉಳಿದವರಿಗಾಗಿ ಕಾಯುತ್ತಿದ್ದೇನೆ.' ನಿಖತಳ ಬೆರಳು ಕೀಬೋರ್ಡಿನ ಕೀಲಿಯ ಮೇಲೆ ಸುಳಿಯುತ್ತಿತ್ತು, ಒತ್ತುತ್ತಿರಲಿಲ್ಲ. ತಿಕೋಟಾದ ಈ ಮನೂಕದ, ಅಂದರೆ ಒಣದ್ರಾಕ್ಷಿಯ, ಕೋಲ್ಡ್ ಸ್ಟೋರೇಜಿನ ದಾಸ್ತಾನಿನ ಲೆಕ್ಕವನ್ನು ಮೂರೂ ಸೇರಿ ಹೊರುವಂತೆ ಡೇಟಾಬೇಸ್ ಜೋಡಿಸುವುದು, ಸಂಜೆ ಕ್ಲಾಸಿನಲ್ಲಿ ಕಲಿತ ಅವಳು ಒಬ್ಬಳೇ ಹಿಡಿದ ಮೊದಲ ಕೆಲಸ. ಎಲ್ಲಿ ತಪ್ಪಾದೀತೋ ಎಂಬ ಹೆದರಿಕೆಯಲ್ಲಿ, ಮೂರರ ಫೈಲುಗಳಲ್ಲೂ 'ಉಳಿದೆರಡರಲ್ಲಿ ಒಂದಾದರೂ ಎದ್ದ ಮೇಲೆ ನೀನು ಏಳು' ಎಂದೇ ಬರೆದಿಟ್ಟಿದ್ದಳು.

"ಬೀಗರು ಊಟಕ್ಕ ಕುಂತಂಗ ಕುಂತಾವಲ್ಲ ಬೇ!" ಎಂದರು ಮಾಲೀಕ ಅಮರಪ್ಪ. "ಯಾರರ ಒಬ್ಬರು ಮೊದಲ ತುತ್ತು ಎತ್ತಬೇಕಲ್ಲ? ಹೊರಗ ಮನೂಕ ಹೇರಿದ ಗಾಡಿ ಸಾಲಾಗಿ ನಿಂತಾವ."

"ಯಾವದನ್ನ ಮೊದಲ ಎಬ್ಬಸ್ಲಿರಿ?"

"ನನಗೇನ ತಿಳೀತದ? ನಿಮ್ಮ ಸರ್‌ನ ಕೇಳು."

ಸಂಜೆ ಕ್ಲಾಸು ನಡೆಸುವ, ಅವಳನ್ನು ಈ ಕೆಲಸಕ್ಕೆ ಕಳಿಸಿದ ಸಿದ್ದಲಿಂಗೇಶ ಸರ್ ವಿಜಯಪುರದಿಂದ ಫೋನಿನಲ್ಲಿ, "ಮಾಲಕರು ಏನಂತಾರ?" ಎಂದರು.

"ನಿಮ್ಮನ್ನ ಕೇಳಂತಾರ್ರಿ."

"ನಾ ಇಲ್ಲಿಂದ ಹೆಂಗ ಹೇಳ್ಲಿ? ಅವರನ್ನ ಕೇಳಿ ಮಾಡವಾ. ಇಲ್ಲಂದ್ರ ಬಿಡು, ನಾಳೆ ಜಹೀರನ್ನ ಕಳಸ್ತೇನಿ."

ಜಹೀರ ಅದೇ ಕ್ಲಾಸಿನ ಹಳೆಯ ಹುಡುಗ; ಅವನು ಬಂದರೆ ಮುಂದಿನ ಕೆಲಸಗಳೂ ಅವನ ಪಾಲೇ. ನಿಖತ ಮೊದಲ ಕಂಪ್ಯೂಟರಿನ ಫೈಲು ತೆರೆದು, ಆ ಸಾಲನ್ನು ಅಳಿಸಿ, 'ಯಾರಿಗೂ ಕಾಯಬೇಡ' ಎಂದು ತಿದ್ದಿ ಕೀಲಿ ಒತ್ತಿಯೇಬಿಟ್ಟಳು. ಆ ಯಂತ್ರ ಎದ್ದಿತು. ಅದರ ಬೆನ್ನಿಗೇ ಉಳಿದೆರಡೂ ಎದ್ದವು.

"ಮೂರೂ ಎದ್ದಾವ್ರಿ ಸರ್!" ಎಂದಳು ಫೋನಿನಲ್ಲಿ.

"ಹೌದಾ? ಯಾರನ್ನ ಕೇಳಿ ಮಾಡಿದಿ?"

"ಯಾರನ್ನೂ ಕೇಳಿಲ್ರಿ," ಎಂದ ನಿಖತ, ತನ್ನ ಬಾಯಿಂದ ಬಂದ ಮಾತಿಗೆ ತಾನೇ ಗಾಬರಿಯಾಗಿ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.