ಸಾರ್ವಕಾಲಿಕ ತಂಡ

ಗೇಟಿನ ಚಿಲಕ ಸದ್ದಾಗುವುದಕ್ಕೂ ಅಭಿಲಾಷನ ಕಟವಾಯಿಂದ ಜೊಲ್ಲು ಇಳಿಯುವುದಕ್ಕೂ ಸರಿಹೋಯಿತು. ಗುರುಶಾಂತಮ್ಮ ಸೆರಗಿನಿಂದ ಮಗನ ಬಾಯಿ ಒರೆಸಿದಳು. "ಬಂದ ನೋಡು ನಿನ್ನ ಗೆಳೆಯ." ಅಭಿಲಾಷ್ ಗೋಡೆಯನ್ನೇ ನೋಡುತ್ತಿದ್ದ.

ಸಿದ್ದಲಿಂಗೇಶ್ ಚಪ್ಪಲಿ ಬಿಟ್ಟು ಒಳಗೆ ಬಂದ. ಪ್ರತಿ ಭಾನುವಾರ ಬೀರೂರಿನಿಂದ ರೈಲು ಹತ್ತಿ ಅಜ್ಜಂಪುರಕ್ಕೆ ಬರುತ್ತಿದ್ದ. ಒಂದು ವಾರವೂ ತಪ್ಪಿಸಿರಲಿಲ್ಲ. ಆದರೂ ಗುರುಶಾಂತಮ್ಮನಿಗೆ ಶನಿವಾರ ಸಂಜೆಯಿಂದಲೇ ಆತಂಕ. ನಾಳೆ ಬರದೇ ಹೋದರೆ? "ಇಂಥ ಸ್ನೇಹಿತ ಯಾರಿಗೆ ಸಿಕ್ತಾನೆ ಕಣ್ರೀ," ಎಂದು ಬೀದಿಯವರು ಹೇಳಿದರೆ ಆಕೆ ತಲೆಯಾಡಿಸುತ್ತಿದ್ದಳು.

ಇಬ್ಬರೂ ಕಡೂರಿನ ಸಿಮೆಂಟ್ ಅಂಗಳದಲ್ಲಿ ಗಾಲಿಯ ಸ್ಕೇಟು ಕಟ್ಟಿಕೊಂಡು ಹಾಕಿ ಕಲಿತವರು. ಐಸ್ ಅಂದರೆ ಕಬ್ಬಿನಹಾಲಿಗೆ ಹಾಕುವುದು ಎಂದಷ್ಟೇ ಗೊತ್ತಿರುವ ಊರಲ್ಲಿ ಅವರಿಗೆ ಐಸ್ ಹಾಕಿಯ ಹುಚ್ಚು ಹಿಡಿದಿತ್ತು. ಕೆನಡಾದ ಹಳೆಯ ಪಂದ್ಯಗಳನ್ನು ಫೋನಿನಲ್ಲಿ ನೋಡುವುದು, ಎಲ್ಲ ಕಾಲದ ಶ್ರೇಷ್ಠರನ್ನು ಆಯ್ದು ಸಾರ್ವಕಾಲಿಕ ತಂಡ ಕಟ್ಟುವುದು, ಜಗಳವಾಡುವುದು. ಮುಖಕ್ಕೆ ಪಕ್ ಎಂಬ ಗಟ್ಟಿ ರಬ್ಬರ್ ಬಿಲ್ಲೆ ಬಡಿದ ಮೇಲೆ ಹೊಲಿಗೆ ಹಾಕಿಸಿಕೊಂಡು ಮುಖವಾಡ ತೊಟ್ಟೇ ಮರಳಿ ಬಂದ ಜಾಕ್ ಪ್ಲಾಂಟ್ ಗೋಲು ಕಾಯಲು. ಮುಂದೆ ಗ್ರೆಟ್ಸ್ಕಿ. ಪಕ್ಕದಲ್ಲಿ, ಐವತ್ತು ದಾಟಿದರೂ ಆಡಿದ ಗಾರ್ಡಿ ಹೋವ್. ಅಭಿಲಾಷ್‌ಗೆ ಆ ಚರಿತ್ರೆಯೆಲ್ಲ ವಚನದಂತೆ ಬಾಯಿಪಾಠ. ಒಂದು ಹೆಸರು ಆಚೀಚೆಯಾದರೂ ಅನ್ನದ ತಟ್ಟೆ ಬಿಟ್ಟು ಎದ್ದುಬಂದು ತಿದ್ದುತ್ತಿದ್ದ.

ಆಮೇಲೆ ಇಬ್ಬರೂ ತಂಡದ ಆಯ್ಕೆಗಾಗಿ ಲಡಾಖಿನ ಐಸ್ ಹಾಕಿ ಶಿಬಿರಕ್ಕೆ ಹೋದರು. ತಂಡದಲ್ಲಿ ಉಳಿದಿದ್ದುದು ಒಂದೇ ಜಾಗ. ಕೊನೆಯ ಅಭ್ಯಾಸದ ದಿನ, ಹೆಪ್ಪುಗಟ್ಟಿದ ಕೆರೆಯ ಮೇಲೆ, ಸಿದ್ದಲಿಂಗೇಶ್ ಹಿಂದಿನಿಂದ ಬಂದು ಗುದ್ದಿದ. ಅಭಿಲಾಷನ ತಲೆ ಅಂಚಿನ ಹಲಗೆಗೆ ಬಡಿಯಿತು. "ಕಾಲು ಜಾರ್ತು, ತಡೀಲಿಕ್ಕೆ ಆಗ್ಲಿಲ್ಲ," ಎಂದು ಸಿದ್ದಲಿಂಗೇಶ್ ಆಸ್ಪತ್ರೆಯಲ್ಲಿ ಗುರುಶಾಂತಮ್ಮನ ಕಾಲು ಹಿಡಿದು ಅತ್ತಿದ್ದ. ಜಾಗ ಅವನಿಗೇ ಸಿಕ್ಕಿತು.

ಅಭಿಲಾಷ್ ಮನೆಗೆ ಬಂದಾಗ ಮಾತಿರಲಿಲ್ಲ, ಗುರುತಿರಲಿಲ್ಲ. ಮೈಯ ಸಮತೋಲ ಹೋಗಿತ್ತು. ಅದು ಮತ್ತೆ ಬರುವುದಿಲ್ಲ ಎಂದು ವೈದ್ಯರು ಮೊದಲೇ ಹೇಳಿಬಿಟ್ಟಿದ್ದರು. ಬುದ್ಧಿಯ ಬಗ್ಗೆ ಮಾತ್ರ, "ಇಷ್ಟವಾದ ವಿಷಯ ಮಾತಾಡ್ತಿರಿ, ಬಂದ್ರೂ ಬರಬಹುದು," ಎಂದಿದ್ದರು. ಅದಕ್ಕೇ ಸಿದ್ದಲಿಂಗೇಶನ ಭಾನುವಾರಗಳು. ಆಟಗಾರರ ಚಿತ್ರ ತೋರಿಸುತ್ತಿದ್ದ, ಹೆಸರು ಹೇಳುತ್ತಿದ್ದ, ಗಂಜಿ ಕುಡಿಸುತ್ತಿದ್ದ, ಬಟ್ಟೆ ಒದ್ದೆಯಾದರೆ ಬದಲಿಸುತ್ತಿದ್ದ. ಗುರುಶಾಂತಮ್ಮ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ಬೇಡ ಎಂದು ಒಮ್ಮೆಯೂ ಹೇಳಿರಲಿಲ್ಲ.

ಇವತ್ತು ಅವನು ಕುಳಿತವನು ಫೋನು ತೆಗೆಯಲಿಲ್ಲ.

"ಅಮ್ಮಾ, ಯುರೋಪಿನ ಒಂದು ಕ್ಲಬ್ಬಿನೋರು ಕರ್ದಿದಾರೆ. ಸಣ್ಣ ಕ್ಲಬ್ಬು. ಆದ್ರೂ ವೃತ್ತಿಪರ ಆಟ. ಇವತ್ತು ಒಪ್ಪಿಗೆ ಹೇಳ್ಬೇಕು."

ಗುರುಶಾಂತಮ್ಮ ಮಗನ ಹಿಂದೆ ಹೋಗಿ ನಿಂತು ಅವನ ಹೆಗಲ ಮೇಲೆ ಕೈಯಿಟ್ಟಳು.

"ಹೋಗಪ್ಪ. ನೀನು ಬರ್ದಿದ್ರೂ ಇವನು ಹೀಗೇ ಕೂತಿರ್ತಾನೆ. ಯಾರಾದ್ರೂ ಬರ್ತಾರೇನೋ ಅಂತ ಬಾಗಿಲು ನೋಡ್ತಾನೆ, ಅಷ್ಟೇ."

ಸಿದ್ದಲಿಂಗೇಶ್ ಮುಂದಕ್ಕೆ ಬಾಗಿದ. "ಒಂದ್ಸಲ ನೋಡಿಬಿಡ್ತೀನಿ ಅಮ್ಮ. ಬೇಕಂತ್ಲೇ ತಪ್ಪು ಹೇಳ್ತೀನಿ. ಒಳಗೆ ಒಂಚೂರು ಉಳಿದಿದ್ರೂ ಇವನು ತಡ್ಕೊಳಲ್ಲ. ತಿದ್ದಿದ್ರೆ, ತುಟಿ ಅಲ್ಲಾಡಿದ್ರೂ ಸಾಕು, ನಾನು ನೆಮ್ಮದಿಯಾಗಿ ಹೋಗ್ತೀನಿ."

ಅವನು ಗೆಳೆಯನ ಎದುರು ಮಂಡಿಯೂರಿದ. "ಲೇ ಅಭಿ, ಕೇಳೋ. ಬಾಬಿ ಆರ್. ಗೋಲು ಹೊಡ್ದು ಗಾಳೀಲಿ ಹಾರ್ತಾ ಸಂಭ್ರಮಿಸಿದ ಚಿತ್ರ ನಿನ್ನ ಗೋಡೇಲಿತ್ತಲ್ಲ, ಅವನು. ಮಂಡಿ ಹಾಳಾಗಿ ಆಟ ಬಿಟ್ಟೋನು. ಅವನು ಹುಟ್ಟಾ ಮಾಂಟ್ರಿಯಲ್ ತಂಡದೋನು. ಅಲ್ವೇನೋ?"

ಅಭಿಲಾಷ್ ಅಲುಗಲಿಲ್ಲ.

"ಮಾಂಟ್ರಿಯಲ್ ಕಣೋ. ಹಸಿರು ಅಂಗಿ ಹಾಕ್ಕೊಂಡು ಗೋಲು ಕಾಯ್ತಿದ್ದ."

ಅಭಿಲಾಷನ ಹೆಗಲು ನಡುಗಿತು. ಗುರುಶಾಂತಮ್ಮ ಬೆರಳು ಊರಿ ಹೆಗಲನ್ನು ಹಿಸುಕಿ ಹಿಡಿದಳು. ಅವನ ಕಣ್ಣಿಂದ ನೀರು ಇಳಿಯಿತು. ಬಾಯಿಂದ ಉಸಿರು ಸಿಕ್ಕಿಕೊಂಡಂಥ ಸದ್ದು ಬಂತು. ಆಕೆ ತಟ್ಟನೆ ಮಗನ ಮುಖವನ್ನು ಸೆರಗಿಗೆ ಒತ್ತಿಕೊಂಡಳು.

"ಸಾಕು ಬಿಡಪ್ಪ. ಫಿಟ್ಸ್ ಬಂದೀತು. ಹೆಸರು ಗೊತ್ತಾಗಲ್ಲ ಇವನಿಗೆ. ನೀನು ಹೋಗ್ತೀಯ ಅನ್ನೋದು ಮಾತ್ರ ಗೊತ್ತಾಗಿರ್ಬೇಕು."

ಸಿದ್ದಲಿಂಗೇಶ್ ನೆಲಕ್ಕೆ ಕೈಯೂರಿ ಮೇಲೆದ್ದ. ಆಮೇಲೆ ಪಡಸಾಲೆಗೆ ಹೋಗಿ ಫೋನು ಮಾಡಿದ. ತಡವರಿಸುವ ಇಂಗ್ಲಿಷಿನಲ್ಲಿ ಬರಲಾಗುವುದಿಲ್ಲ ಎಂದ. ಆ ಕಡೆಯಿಂದ ಏನೋ ಕೇಳಿದರು. "ಈಗಲ್ಲ, ಯಾವತ್ತೂ ಇಲ್ಲ," ಎಂದ. ಒಳಗೆ ಬಂದಾಗ ಅವನ ಮುಖ ಬೂದಿಯಂತಿತ್ತು.

"ಬೇರೆಯವ್ರನ್ನ ತಗೊಳ್ತಾರಂತೆ. ಇನ್ಮೇಲೆ ಗುರುವಾರಾನೂ ಬತ್ತೀನಿ ಅಮ್ಮ. ನಾನಿರೋವರೆಗೂ ಇವನನ್ನ ಬಿಡಲ್ಲ."

"ನಿನ್ನಿಷ್ಟ ಕಣಪ್ಪ," ಎಂದಳು ಗುರುಶಾಂತಮ್ಮ.

ಅಭಿಲಾಷನಿಗೆ ಗಂಜಿ ಕುಡಿಸಿ, ಒದ್ದೆ ಚಡ್ಡಿ ಬದಲಿಸಿ, ಹಣೆ ನೇವರಿಸಿ ಅವನು ಹೊರಟ. ಗುರುಶಾಂತಮ್ಮ ಗೇಟಿನವರೆಗೂ ಬಂದಳು. ರೈಲ್ವೆ ಸ್ಟೇಷನ್ನಿನ ತಿರುವಿನಲ್ಲಿ ಅವನು ಮರೆಯಾಗುವವರೆಗೂ ನಿಂತು, ಒಳಗೆ ಬಂದು ಬಾಗಿಲು ಹಾಕಿದಳು.

"ಬಾಬಿ ಆರ್ ಗೋಲು ಕಾಯ್ತಿದ್ನಂತೆ," ಎಂದ ಅಭಿಲಾಷ್, ಕಣ್ಣೊರೆಸಿಕೊಳ್ಳುತ್ತ. "ಇನ್ನೊಂದು ಮಾತು ಆಡಿದ್ರೆ ನಕ್ಕೇಬಿಡ್ತಿದ್ದೆ ಕಣಮ್ಮ."