ಅಳಿಸಿದ ಕ್ಯಾಲೆಂಡರ್

“ಈ ಫೋಟೋ ಯಾವಾಗಿಂದು?” ಗೋವರ್ಧನ್ ಮೇಷ್ಟ್ರು ಮತ್ತೆ ಕೇಳಿದರು.

“ಹಳೇದ್ರಿ ಸರ್,” ಎಂದಳು ದುರ್ಗಾ. “ತೊಂಬತ್ತೆಂಟನೇ ಇಸ್ವಿದು.”

ಪಕ್ಕದಲ್ಲಿದ್ದ ಅವಳ ತಂಡದ ಹನುಮಂತು ನೆಲ ನೋಡಿದ. ರಾಯದುರ್ಗದ ಆ ಹೈಸ್ಕೂಲಿನ ಕಂಪ್ಯೂಟರ್ ಕೋಣೆಯಲ್ಲಿ ಫ್ಯಾನ್ ಇತ್ತು, ಗಾಳಿ ಇರಲಿಲ್ಲ. ಹತ್ತನೇ ತರಗತಿಯ ಮಕ್ಕಳು ಊರಿನ ಚರಿತ್ರೆಯ ಬಗ್ಗೆ ವೆಬ್‌ಸೈಟ್ ಮಾಡಿದ್ದರು. ಒಬ್ಬರದು ಕೋಟೆ, ಒಬ್ಬರದು ಹಳೇ ಬಾವಿ. ದುರ್ಗಾಳ ತಂಡದ್ದು ‘ನಮ್ಮೂರಿಗೆ ಜೀನ್ಸ್ ಬಂದ ಕಥೆ’. ಹೊಲ ಬಿಟ್ಟವರು ಪ್ಯಾಂಟು ಹೊಲಿಯಲು ಕೂತದ್ದು, ದೂರದೂರದ ಹುಡುಗಿಯರು ಬಂದು ಸೇರಿದ್ದು, ಎಲ್ಲ ಚೆನ್ನಾಗಿಯೇ ಬರೆದಿದ್ದರು. ಎಲ್ಲಕ್ಕೂ ಮೇಲೆ ಒಂದು ಕಂದುಬಣ್ಣದ ಫೋಟೋ. ಮಿಷಿನ್ ಮುಂದೆ ಕೂತ ಹುಡುಗಿ, ಅರ್ಧ ಮುಖ, ಅದೂ ಮಸುಕು. ಅಡಿಯಲ್ಲಿ 1998.

ಆಧಾರ ಸುಳ್ಳೆಂದು ಕಂಡರೆ ತಂಡಕ್ಕೆ ಸೊನ್ನೆ. ಸೊನ್ನೆ ಬಂದರೆ ದುರ್ಗಾಳಿಗೆ ರೆಸಿಡೆನ್ಷಿಯಲ್ ಕಾಲೇಜಿನ ಸೀಟು ತಪ್ಪಿದಂತೆ. ಬರುವ ಜೂನ್‌ಗೆ ಅವ್ವನ ಪಕ್ಕ ಇನ್ನೊಂದು ಮಿಷಿನ್. ಅವ್ವ ಮಂಜುಳಮ್ಮ ಬೆಳಿಗ್ಗೆ ಅದನ್ನೇ ಹೇಳಿ, ಮಾರ್ಕ್ಸ್ ಗೊತ್ತಾದ ಕೂಡಲೇ ಗಾರ್ಮೆಂಟ್ಸಿಗೆ ಫೋನ್ ಮಾಡು ಎಂದು ತನ್ನ ಮೊಬೈಲನ್ನೇ ಕೊಟ್ಟು ಕಳಿಸಿದ್ದಳು. ದುರ್ಗಾ ಅದನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

ಗೋವರ್ಧನ್ ಮೇಷ್ಟ್ರು ಮಡಕಶಿರಾ ಕಡೆಯವರು. ಸೈಟುಗಳ ಲಿಂಕ್ ಎಲ್ಲ ಶಾಲೆಗಳಿಗೂ ಹೋಗಿತ್ತು. ಅವರು ಮನೆಯಲ್ಲಿ ಕೂತು ನೋಡಿದವರೇ ಮರುದಿನ ಆಫೀಸಿಗೆ ಹೋಗಿ, ಯಾರೂ ಒಪ್ಪದ ಈ ದೂರದ ಪರೀಕ್ಷಕರ ಡ್ಯೂಟಿಯನ್ನು ಕೇಳಿ ಹಾಕಿಸಿಕೊಂಡಿದ್ದರು. ಕೋಟೆಗೂ ಬಾವಿಗೂ ಗಡಿಬಿಡಿಯಲ್ಲಿ ಅಂಕ ಬರೆದು ಮುಗಿಸಿದರು. ಈ ಫೋಟೋದ ಮುಂದೆ ಮಾತ್ರ ಗೂಟ ಹೊಡೆದು ಕೂತರು.

ಶಾಲೆಯ ಚರಿತ್ರೆ ಮೇಷ್ಟ್ರು ಬಾಲರಾಜು ಸಮಾಧಾನ ಮಾಡಲು ನೋಡಿದರು. ಮಕ್ಕಳ ಕೆಲಸ, ಬಿಟ್ಟುಬಿಡಿ, ಊಟ ಮಾಡಿ ಭೈರವಾನಿತಿಪ್ಪದ ಡ್ಯಾಮು ನೋಡಿಕೊಂಡು ಬರೋಣ ಎಂದರು.

“ಆ ನೀರು ನೋಡಿದೀನಿ. ಸಾಕು,” ಎಂದರು ಗೋವರ್ಧನ್.

ಅಷ್ಟರಲ್ಲಿ ಅವರ ಹೆಂಡತಿ ಈಶ್ವರಮ್ಮನ ಫೋನ್ ಬಂತು. ಅವರು ಕಿಟಕಿಯ ಕಡೆ ತಿರುಗಿ, “ಇಲ್ಲ, ಇನ್ನೂ ಒಪ್ಕೊಂಡಿಲ್ಲ,” ಎಂದಷ್ಟೇ ಹೇಳಿ ಇಟ್ಟರು. ಮಕ್ಕಳ ಸುಳ್ಳು ಹಿಡಿಯುವುದನ್ನು ಮನೆಗೂ ವರದಿ ಮಾಡುವ ಮನುಷ್ಯನನ್ನು ಬಾಲರಾಜು ಈವರೆಗೆ ಕಂಡಿರಲಿಲ್ಲ.

ಫೋಟೋದಲ್ಲಿರುವ ಹುಡುಗಿ ಯಾರು ಎಂದು ಗೋವರ್ಧನ್ ಕೇಳಿದರು. ದುರ್ಗಾ ಹನುಮಂತುವಿನ ಕಡೆ ನೋಡದೆ ಹೇಳಿದಳು.

“ನಮ್ಮ ದೊಡ್ಡವ್ವ ರಿ. ಈಗಿಲ್ರಿ. ತೀರಿಕೊಂಡಾಳ.”

ದುರ್ಗಾಳಿಗೆ ದೊಡ್ಡವ್ವ ಎಂಬುವವಳೇ ಇರಲಿಲ್ಲ. ಇಲ್ಲದ ದೊಡ್ಡವ್ವ ಸತ್ತೂ ಹೋದಳು. ಈ ಮಾತಿಗೆ ಗೋವರ್ಧನ್ ಮೇಷ್ಟ್ರು ಕಪಾಳಕ್ಕೆ ಹೊಡೆಸಿಕೊಂಡವರಂತೆ ಕುರ್ಚಿಗೆ ಒರಗಿದರು. ನಂಬಿದರು, ಬದುಕಿದೆ ಎಂದುಕೊಂಡಳು ಹುಡುಗಿ.

ಅವರು ನಂಬಲಿಲ್ಲ. ನಂಬಲು ಅವರಿಂದ ಆಗುವಂತಿರಲಿಲ್ಲ. ಆದರೂ ಬೆದರಿಸಲಿಲ್ಲ, ಪುಸಲಾಯಿಸಲೂ ಇಲ್ಲ. ತಮಗೆ ಬೇಕಾದ ಉತ್ತರ ಯಾವುದೆಂದು ಗೊತ್ತಾದರೆ ಜನ ಅದನ್ನೇ ಹೇಳಿ ಕಳಿಸುತ್ತಾರೆ. ಹಿಂದೆ ಹುಡುಕಿಕೊಂಡು ಹೋದಾಗ ಬಳ್ಳಾರಿಯಲ್ಲೂ ಬೊಮ್ಮನಹಾಳಿನಲ್ಲೂ ಅವರಿಗೆ ಹಾಗೇ ಆಗಿತ್ತು. ಈ ಸಲ ನಿಜ ತಾನಾಗಿಯೇ ಬರಬೇಕು.

ಫೋಟೋವನ್ನು ದೊಡ್ಡದು ಮಾಡಿದರು. ಹುಡುಗಿಯ ಎಡಗೈಯಲ್ಲಿ ಕತ್ತರಿ. ಒಂದು ಕಾಲು ಮಡಚಿ ಕೂತಿದ್ದಾಳೆ. ಇನ್ನೂ ದೊಡ್ಡದು ಮಾಡಿದರು. ಹಿಂದಿನ ಗೋಡೆಯ ಮೇಲೆ ಒರೆಸಿದಂಥ ಚೌಕದ ಕಲೆ. ಮೌಸನ್ನು ಆ ಕಲೆಯ ಮೇಲೆ ತಂದು ನಿಲ್ಲಿಸಿದರು.

“ಇಲ್ಲೇನಿತ್ತು?”

“ಕ್ಯಾಲೆಂಡರ್ರಿ,” ಎಂದುಬಿಟ್ಟ ಹನುಮಂತು. ದುರ್ಗಾ ಅವನ ಕಾಲು ತುಳಿದದ್ದು ತಡವಾಯಿತು.

“ಯಾಕಪ್ಪ ಅಳಿಸಿದ್ರಿ? ತೊಂಬತ್ತೆಂಟರದ್ದೇ ಆಗಿದ್ರೆ ಅದಕ್ಕಿಂತ ಒಳ್ಳೆ ಆಧಾರ ಇರ್ತಿತ್ತಾ?”

ಬಾಲರಾಜು ಮೇಷ್ಟ್ರು ಮುಖ ತಿರುಗಿಸಿದರು. ದುರ್ಗಾಳ ಸೀಟು ಹೋಯಿತು, ಅವ್ವನ ಆಸೆ ಹೋಯಿತು, ಇನ್ನು ಮುಚ್ಚಿಟ್ಟು ಉಳಿಸಿಕೊಳ್ಳುವುದು ಏನೂ ಇರಲಿಲ್ಲ.

“ಹೋದ ತಿಂಗಳ ನಾನ ಮೊಬೈಲಿನ್ಯಾಗ ತೆಗ್ದದ್ರಿ ಸರ್,” ಎಂದು ಬಿಕ್ಕಿದಳು. “ಚರಿತ್ರೆ ಅಂದ್ರ ಹಳೇದಾಗಿರಬೇಕಲ್ರಿ, ಅದಕ್ಕ ಬಣ್ಣ ಬದಲಾಯಿಸಿದ್ವಿ. ನಮ್ಮ ದೊಡ್ಡವ್ವ ಅಲ್ರಿ ಆಕಿ. ನಮ್ಮವ್ವನ ಪಕ್ಕದ ಮಿಷಿನ್ನಿಗೆ ಕುಂದರ್ತಾಳ. ಊರು ಯಾವ್ದಂತ ಕೇಳಿದ್ರ ಹೇಳಂಗಿಲ್ಲ.”

ಗೋವರ್ಧನ್ ಮೇಷ್ಟ್ರು ಮೊಬೈಲಿಗಾಗಿ ಕೈ ಚಾಚಿದರು. ದುರ್ಗಾ ಮೊಬೈಲಿನಲ್ಲಿ ಮೂಲ ಫೋಟೋ ತೆಗೆದು ಕೊಟ್ಟಳು. ಬಣ್ಣ ಇತ್ತು, ಮಸುಕಿರಲಿಲ್ಲ. ಗೋಡೆಯಲ್ಲಿ ಈ ವರ್ಷದ ಕ್ಯಾಲೆಂಡರ್ ನೇತಾಡುತ್ತಿತ್ತು. ಅವರು ಬಹಳ ಹೊತ್ತು ನೋಡಿದರು.

“ಈ ಹುಡುಗಿ ಇವತ್ತೂ ಕೆಲಸಕ್ಕೆ ಬಂದವ್ಳಾ?”

“ಹೌದ್ರಿ. ಬೆಳಿಗ್ಗೆ ನಮ್ಮವ್ವನ ಜೋಡಿನ ಹೋದ್ಳು.”

ಈಗ ಅಂಕಪಟ್ಟಿ ತೆಗೆದು ಸೊನ್ನೆ ಸುತ್ತುತ್ತಾರೆ ಎಂದು ದುರ್ಗಾ ಕಣ್ಣು ಮುಚ್ಚಿದಳು. ಪೆನ್ನಿನ ಸದ್ದು ಕೇಳಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಗೋವರ್ಧನ್ ಮೇಷ್ಟ್ರು ಮಕ್ಕಳೆದುರೇ ಅಳುತ್ತಾ ಹೆಂಡತಿಗೆ ಫೋನ್ ಮಾಡುತ್ತಿದ್ದರು.

“ಒಪ್ಕೊಂಡ್ರು ಕಣೇ ಈಶ್ವರೀ. ಡ್ಯಾಮಿನಿಂದ ತಂದು ನಾವು ಮಣ್ಣು ಮಾಡಿದ್ದು ಬೇರೆ ಯಾರ ಮಗಳನ್ನೋ. ನಮ್ಮ ಗಂಗೋತ್ರಿ ಫೋಟೋಗೆ ಹಾಕಿರೋ ಹಾರ ತೆಗೆದುಬಿಡು.”