ವಿಶ್ವವಿದ್ಯಾಲಯದ ನೆರಳು

ಕಲಬುರಗಿಯಲ್ಲಿ ಈಗ ದೊಡ್ಡ ಕಟ್ಟಡ ಕಟ್ಟುವ ಮೊದಲು ಅದರ ನೆರಳನ್ನು ತಂದು ಓಣಿಗೆ ಹಾಸುತ್ತಾರೆ. ಒಂದು ವಾರ ಅದರ ಕೆಳಗೆ ಇದ್ದು ನೋಡಿ ಜನ ಒಪ್ಪಿಗೆಯನ್ನೋ ತಕರಾರನ್ನೋ ಹೇಳಬೇಕು. ಈ ಬೇಸಿಗೆಯಲ್ಲಿ ಬಸಲಿಂಗಮ್ಮನ ಓಣಿಗೆ ಬಂದದ್ದು ಹೊಸ ವಿಶ್ವವಿದ್ಯಾಲಯದ ಹತ್ತು ಅಂತಸ್ತಿನ ನೆರಳು. ಅದು ಓಣಿ ತುಂಬಿ, ಗೋಡೆ ಹತ್ತಿ, ಅವಳು ಮಾರಲೆಂದು ಮಾಳಿಗೆಯ ಮೇಲೆ ಒಣಹಾಕಿದ್ದ ಶಾವಿಗೆಯ ಮೇಲೂ ಮಲಗಿತು. ಶಾವಿಗೆ ಒಣಗದೆ ಮುಗ್ಗಲು ವಾಸನೆ ಹೊಡೆದಾಗ ಅವಳ ಪಿತ್ತ ನೆತ್ತಿಗೇರಿತು.

ವಾರ ಮುಗಿದು ನೆರಳಿನ ಎಂಜಿನಿಯರು ಬಂದಾಗ ಓಣಿಯವರು ಆ ನೆರಳಿನಲ್ಲಿ ಚಾಪೆ ಹಾಸಿ ಹರಟುತ್ತ ಕೂತಿದ್ದರು. ಯಾರಿಗೂ ಏಳುವ ಮನಸ್ಸಿರಲಿಲ್ಲ.

"ಕಟ್ಟಲಿ ಬಿಡ್ರಿ, ತಂಪದ," ಎಂದರು.

ಬಸಲಿಂಗಮ್ಮ ಮೆತ್ತಗಾದ ಶಾವಿಗೆಯ ಮೊರ ಹಿಡಿದು ಮೆಟ್ಟಿಲಿಳಿದು ಬಂದಳು. "ಓಣ್ಯಾಗ ಇರ್ಲಿರಿ ಸಾಹೇಬ್ರ, ನನ್ನ ಮಾಳಗಿ ಮ್ಯಾಲ ಬ್ಯಾಡ. ಎರಡು ಅಂತಸ್ತು ಕಡಿಮಿ ಮಾಡ್ರಿ."

ಎಂಜಿನಿಯರು ತಲೆ ಕೆರೆದುಕೊಂಡ. ಆಮೇಲೆ ನೆರಳಿನ ತುದಿ ಹಿಡಿದು ಮಾಳಿಗೆಯಿಂದ ಕೆಳಗೆಳೆದು, ಆ ಎರಡು ಅಂತಸ್ತನ್ನು ಕತ್ತರಿಸಿ, ಕಂಬಳಿಯಂತೆ ಮಡಚಿ ಹೆಗಲಿಗೆ ಹಾಕಿಕೊಂಡ. ಮಾಳಿಗೆಯ ಮೇಲೆ ಬಿಸಿಲು ಬಿತ್ತು.

ಹೊರಟವನನ್ನು ಬಸಲಿಂಗಮ್ಮ ಮತ್ತೆ ಕೂಗಿದಳು. "ಅದನ್ನ ಎಲ್ಲಿಗೆ ಒಯ್ತೀರಿ? ಬಸ್ ಸ್ಟ್ಯಾಂಡಿನ್ಯಾಗ ಮಂದಿ ಬಿಸಲಾಗ ನಿಂತಾರ. ಅಲ್ಲಿ ಹಾಸಿ ಹೋಗ್ರಿ."